ಓದಿ ಸಿಟ್ಟಾದವರ ಹಾಡು: ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್

ಎಲ್ಲರಿಗೂ ನಮಸ್ಕಾರ. ಇವತ್ತು ಬ್ರಿಟನ್ನಿನ ವೇಲ್ಸ್‌ನ ಒಂದು ರಾಕ್ ಬ್ಯಾಂಡ್ ಬಗ್ಗೆ ಮಾತಾಡ್ತೀನಿ, ಹೆಸರು ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್. ಇಲ್ಲಿರೋರಲ್ಲಿ ಕೆಲವ್ರು ಒಂದೆರಡು ಹಾಡು ಕೇಳಿರ್ತೀರ, ಉಳಿದೋರಿಗೆ ಹೆಸರೇ ಹೊಸದಿರಬಹುದು, ಅದಕ್ಕೆ ಬುಡದಿಂದಾನೇ ಹೇಳ್ಕೊಂಡು ಬರ್ತೀನಿ.

ರಾಜಕೀಯ ಮಾತಾಡೋ ಬ್ಯಾಂಡ್‌ಗಳಿಗೇನೂ ಬರ ಇಲ್ಲ. ಮೈಕ್ ಸಿಕ್ಕಿದ ತಕ್ಷಣ ಸರ್ಕಾರನ ಬೈದು ಚಪ್ಪಾಳೆ ತಗೊಳ್ಳೋರು ಎಲ್ಲಾ ಕಾಲದಲ್ಲೂ ಇದ್ರು, ಈಗಲೂ ಇದಾರೆ. ಮ್ಯಾನಿಕ್ಸ್ ನನಗೆ ಯಾಕೆ ಮುಖ್ಯ ಅಂದ್ರೆ ಇವರು ಓದಿ ಸಿಟ್ಟಾದವರು. ಆ ಓದೋ ಚಟ ಇವರಿಗೆ ಯಾವುದೋ ದೊಡ್ಡ ಯೂನಿವರ್ಸಿಟಿಯಿಂದ ಬಂದಿದ್ದಲ್ಲ, ಹುಟ್ಟಿದ ಕಣಿವೆಯಿಂದ ಬಂದಿದ್ದು, ಕಲ್ಲಿದ್ದಲು ಅಗೆಯೋರು ತಮ್ಮ ಕೂಲಿ ದುಡ್ಡಲ್ಲಿ ಕಟ್ಟಿಕೊಂಡ ಲೈಬ್ರರಿಗಳ ಊರಿಂದ ಬಂದಿದ್ದು. ಮೂವತ್ತೈದು ನಲವತ್ತು ವರ್ಷದ ಇವರ ಹಾಡಿನ ಬದುಕಲ್ಲಿ ಯಾವ ಕೆಲಸ ಗಟ್ಟಿ ಯಾವುದು ಟೊಳ್ಳು ಅಂತ ನೋಡೋಕೆ ನನ್ನ ಹತ್ರ ಇರೋ ಅಳತೆ ಒಂದೇ: ಓದು ಆಳಕ್ಕೆ ಇಳಿದ ಕಡೆ ಹಾಡು ನಿಂತಿದೆ, ಬರೀ ಬಾಯಿ ಓಡಿದ ಕಡೆ ಬಿದ್ದಿದೆ.

ಮೊದಲು ಊರು. ಸೌತ್ ವೇಲ್ಸ್‌ನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಕೈಬೆರಳು ಬಿಡಿಸಿಟ್ಟ ಹಾಗೆ ಉದ್ದುದ್ದ ಕಣಿವೆಗಳಿವೆ, ಅದರಲ್ಲಿ ಸರ್ಹೊವಿ ಅನ್ನೋ ನದಿಯ ಕಣಿವೆ ಒಂದು. ಮೇಲ್ಗಡೆ ತುದಿಯಲ್ಲಿ ಟ್ರೆಡಿಗರ್ ಅನ್ನೋ ಊರು, ಅಲ್ಲಿಂದ ಕೆಳಗೆ ಬಂದ್ರೆ ಬ್ಲ್ಯಾಕ್‌ವುಡ್, ಅದೇ ಈ ಬ್ಯಾಂಡ್‌ನ ಊರು. 1839ರಲ್ಲಿ ಓಟಿನ ಹಕ್ಕು ಕೇಳಿದ ಚಾರ್ಟಿಸ್ಟರು ಈ ಕಣಿವೆಗಳಿಂದಾನೇ ಇಳಿದು ನ್ಯೂಪೋರ್ಟ್ ಪಟ್ಟಣಕ್ಕೆ ನುಗ್ಗಿದ್ರು, ಅಲ್ಲಿ ಸೈನಿಕರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ರು. ಆಮೇಲೆ ಟ್ರೆಡಿಗರ್‌ನಲ್ಲಿ 1897ರಲ್ಲಿ ಒಬ್ಬ ಹುಟ್ಟಿದ, ಅನೈರಿನ್ ಬೆವನ್ ಅಂತ. ಹದಿಮೂರನೇ ವಯಸ್ಸಿಗೆ ಗಣಿಗೆ ಇಳಿದ ಹುಡುಗ, ಮಾತಾಡೋವಾಗ ತೊದಲು, ಆದ್ರೆ ಕಾರ್ಮಿಕರ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲಾ ಓದ್ತಿದ್ದ. ಆ ಊರಲ್ಲಿ ಕೆಲಸಗಾರರು ಸಂಬಳದಲ್ಲಿ ಒಂದಿಷ್ಟು ಮುರಿದು ಹಾಕಿ ತಮ್ಮದೇ ಮೆಡಿಕಲ್ ಏಡ್ ಸೊಸೈಟಿ ನಡೆಸ್ತಿದ್ರು, ಡಾಕ್ಟರು ಆಸ್ಪತ್ರೆ ಎಲ್ಲಾ ಅದರಿಂದಾನೇ. ಬೆವನ್ ಮುಂದೆ ಆರೋಗ್ಯ ಮಂತ್ರಿ ಆಗಿ ಅದನ್ನೇ ಇಡೀ ದೇಶಕ್ಕೆ ಹರಡಿದ, 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್, ಅಂದ್ರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ, ಶುರುವಾಯ್ತು. ನಮ್ಮ ಕಡೆಯ ಎಷ್ಟೋ ಡಾಕ್ಟರುಗಳು ಹೋಗಿ ಕೆಲಸ ಮಾಡಿದಾರಲ್ಲ, ಅದೇ ಎನ್‌ಎಚ್‌ಎಸ್.

ಗಣಿ ಊರುಗಳಲ್ಲಿ ಮೈನರ್ಸ್ ಇನ್‌ಸ್ಟಿಟ್ಯೂಟ್ ಅಂತ ಇರ್ತಿತ್ತು. ಅಲ್ಲೂ ಇದೇ ಲೆಕ್ಕ, ಸಂಬಳದಿಂದ ಪೆನ್ನಿ ಪೆನ್ನಿ ಮುರಿದು ಕಟ್ಟಿದ್ದು. ಪುಸ್ತಕದ ರೂಮು, ಪೇಪರ್ ಓದೋ ರೂಮು, ನಾಟಕಕ್ಕೆ ಹಾಲು, ಬಿಲಿಯರ್ಡ್ಸ್ ಟೇಬಲ್ಲು, ಎಲ್ಲಾ ಒಂದೇ ಸೂರಿನ ಕೆಳಗೆ. ಭೂಮಿ ಒಳಗೆ ಶಿಫ್ಟ್ ಮುಗಿಸಿ ಮೇಲೆ ಬಂದು ಮೈ ತೊಳ್ಕೊಂಡು ಮಾರ್ಕ್ಸ್‌ನೋ ಡಿಕನ್ಸ್‌ನೋ ಓದೋಕೆ ಕೂರ್ತಿದ್ದ ಜನ. ಯಾರೋ ದಾನ ಮಾಡಿದ ಪುಸ್ತಕ ಅಲ್ಲ ಅವು, ಅವರೇ ಕೊಂಡ್ಕೊಂಡಿದ್ದು, ಯಾವ ಪುಸ್ತಕ ತರಿಸ್ಬೇಕು ಅಂತ ಕಮಿಟಿಯಲ್ಲಿ ಕೂತು ಜಗಳ ಆಡಿ ತೀರ್ಮಾನ ಮಾಡಿದ್ದೂ ಅವರೇ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಹುಡುಗರಿಗೆ ಬರೋಣ. ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್ ಹಾಡೋದು, ಲೀಡ್ ಗಿಟಾರ್ ನುಡಿಸೋದು. ಶಾನ್ ಮೂರ್ ಡ್ರಮ್ಸ್, ಇವನು ಜೇಮ್ಸ್‌ನ ಕಸಿನ್, ಅವರ ಮನೇಲೇ ಬೆಳೆದವನು, ಟ್ರಂಪೆಟ್ ಕೂಡ ನುಡಿಸ್ತಾನೆ. ನಿಕಿ ವೈರ್ ಬೇಸ್ ಗಿಟಾರ್, ಸಾಹಿತ್ಯ. ರಿಚಿ ಎಡ್ವರ್ಡ್ಸ್ ಹೆಸರಿಗೆ ರಿದಮ್ ಗಿಟಾರ್, ನಿಜದಲ್ಲಿ ಸಾಹಿತ್ಯ ಮತ್ತೆ ತಲೆ. ನಾಲ್ವರೂ ಓಕ್‌ಡೇಲ್ ಅನ್ನೋ ಪಕ್ಕದೂರಿನ ಸ್ಕೂಲಲ್ಲಿ ಓದಿದೋರು. ನಿಕಿ ಮತ್ತೆ ರಿಚಿ ಸ್ವಾನ್ಸಿ ಯೂನಿವರ್ಸಿಟಿಗೆ ಹೋಗಿ ರಾಜಕೀಯ, ರಾಜಕೀಯ ಇತಿಹಾಸ ಓದಿದ್ರು. ಇವರಿಗೆ ಹದಿನೈದು ಹದಿನಾರು ಆಗಿದ್ದಾಗ 1984ರ ಮಾರ್ಚ್‌ನಲ್ಲಿ ಗಣಿ ಕಾರ್ಮಿಕರ ಮುಷ್ಕರ ಶುರುವಾಯ್ತು, ಒಂದು ವರ್ಷ ನಡೀತು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಗೆದ್ದಿತು, ಕಾರ್ಮಿಕರು ಬರಿಗೈಲಿ ವಾಪಸ್ ಕೆಲಸಕ್ಕೆ ಹೋದ್ರು, ಆಮೇಲೆ ಒಂದೊಂದೇ ಗಣಿ ಮುಚ್ಚಿದ್ರು, ಓಕ್‌ಡೇಲ್ ಗಣಿ 1989ರಲ್ಲಿ. ಅಂದ್ರೆ ಈ ಹುಡುಗರು ಯೌವನಕ್ಕೆ ಕಾಲಿಡೋ ಹೊತ್ತಿಗೆ ಕಣ್ಣೆದುರೇ ತಮ್ಮ ಊರಿನ ಕೆಲಸ ಹೋಯ್ತು, ಯೂನಿಯನ್ ಹೋಯ್ತು, ಅದರ ಜೊತೆ ಇನ್‌ಸ್ಟಿಟ್ಯೂಟ್‌ಗಳ ಜೀವಾನೂ ಹೋಯ್ತು.

ಬ್ಯಾಂಡ್ ಶುರುವಾಗಿದ್ದು 1986ರಲ್ಲಿ. 1988ರಲ್ಲಿ ತಾವೇ ದುಡ್ಡು ಹಾಕಿ ಮೊದಲ ಸಿಂಗಲ್, ಅಂದ್ರೆ ಬಿಡಿ ಹಾಡಿನ ರೆಕಾರ್ಡ್, ತಂದ್ರು. ರಿಚಿ ಮೊದಲು ಇವರ ಡ್ರೈವರ್ ಆಗಿ ಸಾಮಾನು ಹೊರ್ತಿದ್ದ, ಆಮೇಲೆ ಬ್ಯಾಂಡ್ ಒಳಗೇ ಬಂದ. ಕಣ್ಣಿಗೆ ಐಲೈನರ್, ಹೆಂಗಸರ ಬ್ಲೌಸು, ಅದರ ಮೇಲೆ ಸ್ಪ್ರೇ ಪೇಂಟಲ್ಲಿ ಘೋಷಣೆ. ಲಂಡನ್‌ನ ಪತ್ರಿಕೆಯವರಿಗೆ ಇವರು ಹೇಳಿಕೊಂಡಿದ್ದು ಏನಂದ್ರೆ ನಾವು ಒಂದೇ ಒಂದು ಡಬಲ್ ಆಲ್ಬಂ ಮಾಡ್ತೀವಿ, ಅದು ಒಂದು ಕೋಟಿ ಅರವತ್ತು ಲಕ್ಷ ಕಾಪಿ ಮಾರಾಟ ಆಗುತ್ತೆ, ಆಮೇಲೆ ಬ್ಯಾಂಡ್ ಮುಚ್ಚಿಬಿಡ್ತೀವಿ ಅಂತ. ಯಾರೂ ನಂಬಲಿಲ್ಲ. 1991ರ ಮೇ 15ರಂದು ನಾರ್ವಿಚ್‌ನಲ್ಲಿ ಶೋ ಮುಗಿದ ಮೇಲೆ ಎನ್‌ಎಂಇ ಅನ್ನೋ ಸಂಗೀತ ಪತ್ರಿಕೆಯ ಸ್ಟೀವ್ ಲಮಾಕ್ ಇವರ ಪ್ರಾಮಾಣಿಕತೆ ಬಗ್ಗೆ ಪ್ರಶ್ನೆ ಎತ್ತಿದಾಗ ರಿಚಿ ಬ್ಲೇಡಿಂದ ತನ್ನ ಕೈ ಮೇಲೇನೇ ಉತ್ತರ ಕೆತ್ತಿಕೊಂಡ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಹೊಲಿಗೆ ಹಾಕಿಸ್ಬೇಕಾಯ್ತು. ಆ ಫೋಟೋ ಇವರನ್ನ ಫೇಮಸ್ ಮಾಡ್ತು. ಅದನ್ನ ರಾಕ್ ಇತಿಹಾಸದ ದೊಡ್ಡ ಕ್ಷಣ ಅಂತ ಹೇಳೋರು ಇದಾರೆ, ನಾನು ಹಾಗೆ ಹೇಳಲ್ಲ. ಅದು ಒಬ್ಬ ನೊಂದ ಹುಡುಗನ ಗಾಯ, ಅದನ್ನ ಹಾಗೇ ನೋಡಬೇಕು.

ಇವರ ಹಾಡು ಹುಟ್ಟೋ ಕ್ರಮ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಇವರ ಗುಟ್ಟಿದೆ. ರಾಕ್ ಬ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು ಬರುತ್ತೆ, ಬಾಯಿಗೆ ಬಂದ ಪದ ಹಾಕಿ ಗುನುಗ್ತಾರೆ, ಆಮೇಲೆ ಸಾಹಿತ್ಯ ಕೂಡಿಸ್ತಾರೆ. ಇವರದ್ದು ನಮ್ಮ ಭಾವಗೀತೆ ಕ್ರಮ, ಪದ್ಯ ಮೊದಲು ರಾಗ ಆಮೇಲೆ. ನಿಕಿ ಮತ್ತೆ ರಿಚಿ ಹಾಳೆ ತುಂಬಾ ಬರೆದು ಕೊಡ್ತಿದ್ರು, ಜೇಮ್ಸ್ ಮತ್ತೆ ಶಾನ್ ಅದಕ್ಕೆ ಸಂಗೀತ ಹಾಕ್ಬೇಕು. ಬರೆದು ಕೊಟ್ಟಿದ್ದು ಪದ್ಯದ ಥರ ಸಲೀಸಾಗಿದ್ರೆ ಸರಿ, ಆದ್ರೆ ರಿಚಿ ಕೊಡ್ತಿದ್ದದ್ದು ಎಷ್ಟೋ ಸಲ ಪ್ರಬಂಧದ ತುಂಡಿನ ಹಾಗಿರ್ತಿತ್ತು, ಪ್ರಾಸ ಇಲ್ಲ, ಸಾಲಿನ ಉದ್ದ ಒಂದಕ್ಕೊಂದು ತಾಳೆ ಇಲ್ಲ, ಮಧ್ಯದಲ್ಲಿ ವ್ಯಕ್ತಿಗಳ ಹೆಸರು, ಇಸವಿ, ಊರು. ಜೇಮ್ಸ್ ಏನ್ ಮಾಡ್ತಾನೆ ಅಂದ್ರೆ ಒಂದು ಪದವನ್ನ ಅರ್ಧಕ್ಕೆ ಮುರಿದು ಒಂದು ತುಂಡು ಈ ತಾಳಕ್ಕೆ, ಇನ್ನೊಂದು ಮುಂದಿನ ತಾಳಕ್ಕೆ ಹಾಕ್ತಾನೆ, ಉಸಿರು ತಗೊಳ್ಳೋಕೆ ಜಾಗ ಇಲ್ಲದ ಕಡೆ ಹತ್ತಾರು ಅಕ್ಷರ ಒಟ್ಟಿಗೆ ಉಗುಳ್ತಾನೆ. ಮೊದಲ ಸಲ ಕೇಳಿದ್ರೆ ಏನೂ ಅರ್ಥ ಆಗಲ್ಲ. ಆದ್ರೆ ಆ ಇಕ್ಕಟ್ಟಿಂದಾನೇ ಹಾಡಿಗೆ ಒಂದು ಒತ್ತಡ ಬರುತ್ತೆ, ಹೇಳೋಕೆ ತುಂಬಾ ಇದೆ ಟೈಮ್ ಇಲ್ಲ ಅನ್ನೋ ಥರ. ತಾನು ಬರೆಯದ ಮಾತನ್ನ ತನ್ನ ಗಂಟಲಿನದ್ದು ಮಾಡ್ಕೊಳ್ಳೋ ಆ ಕೆಲಸಕ್ಕೆ ಜೇಮ್ಸ್‌ಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಆಲ್ಬಂ ಜನರೇಶನ್ ಟೆರರಿಸ್ಟ್ಸ್ 1992ರ ಫೆಬ್ರವರಿಯಲ್ಲಿ ಬಂತು, ಹದಿನೆಂಟು ಹಾಡು. ಕವರ್ ಒಳಗೆ ಒಂದೊಂದು ಹಾಡಿಗೂ ಒಂದೊಂದು ಲೇಖಕರ ಮಾತು. ಒಂದಿಡೀ ಹಾಡು ಬ್ರಿಟನ್ನಿನ ನಾಲ್ಕು ಬ್ಯಾಂಕ್‌ಗಳ ಹೆಸರನ್ನೇ ತಲೆಬರಹ ಮಾಡ್ಕೊಂಡು ಅವರನ್ನ ಝಾಡಿಸುತ್ತೆ, 2008ರಲ್ಲಿ ಬ್ಯಾಂಕ್‌ಗಳು ಕುಸಿದಾಗ ಆ ಹಾಡು ಕೇಳಿದ್ರೆ ಬೇರೆ ಥರಾನೇ ಕೇಳಿಸ್ತಿತ್ತು. ಒಂದು ಕೋಟಿ ಅರವತ್ತು ಲಕ್ಷ ಕಾಪಿ ಹೋಗ್ಲಿಲ್ಲ, ಬ್ಯಾಂಡೂ ಮುಚ್ಚಲಿಲ್ಲ.

ಇದೇ ಕಾಲದ ಒಂದು ಕೆಟ್ಟ ವಿಷಯಾನೂ ಹೇಳ್ಬೇಕು. 1992ರ ಡಿಸೆಂಬರ್‌ನಲ್ಲಿ ಲಂಡನ್‌ನ ಒಂದು ಶೋನಲ್ಲಿ ನಿಕಿ ವೈರ್ ಸ್ಟೇಜ್ ಮೇಲಿಂದ ಇನ್ನೊಬ್ಬ ಗಾಯಕ ಮೈಕಲ್ ಸ್ಟೈಪ್‌ಗೆ ಕ್ವೀನ್ ಬ್ಯಾಂಡ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ಬಂದ ಸಾವೇ ಬರಲಿ ಅಂತ ಹೇಳಿಬಿಟ್ಟ. ಮರ್ಕ್ಯುರಿ ಏಡ್ಸ್‌ನಿಂದ ತೀರಿಕೊಂಡು ಒಂದು ವರ್ಷ ಆಗಿತ್ತು ಅಷ್ಟೇ. ನೇರ ಮಾತು ಅಂತ ಹೆಸರು ತಗೊಂಡೋರು ಇಂಥ ಕಡೆ ಜಾರ್ತಾರೆ. ಅಲ್ಲಿ ಯೋಚನೆ ಇರ್ಲಿಲ್ಲ, ಬರೀ ಕ್ರೌರ್ಯ ಇತ್ತು. ಫ್ಯಾನ್ ಅಂತ ನಾನು ಅದನ್ನ ಮುಚ್ಚಿಡಲ್ಲ.

ಎರಡನೇ ಆಲ್ಬಂ ಬಗ್ಗೆ ಹೆಚ್ಚು ಹೇಳೋದಿಲ್ಲ, ಸೀದಾ 1994ಕ್ಕೆ ಬರ್ತೀನಿ. ದಿ ಹೋಲಿ ಬೈಬಲ್. ದೊಡ್ಡ ಸ್ಟುಡಿಯೋ ಬೇಡ ಅಂತ ಕಾರ್ಡಿಫ್‌ನ ಒಂದು ಚಿಕ್ಕ ಅಗ್ಗದ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ರು. ಸಾಹಿತ್ಯದ ಮುಕ್ಕಾಲು ಪಾಲು ರಿಚಿಯದ್ದು. ನಾಜಿಗಳ ಕ್ಯಾಂಪ್ ಇದ್ದ ಡಾಖೌ, ಬೆಲ್ಸನ್‌ಗೆ ಇವರು ಹೋಗಿ ನೋಡ್ಕೊಂಡು ಬಂದಿದ್ರು, ಅದು ಹಾಡುಗಳಲ್ಲಿ ಇಳಿದಿದೆ. ಮರಣದಂಡನೆ, ಅಮೆರಿಕದ ಗನ್ ಕಾನೂನು, ಊಟ ಬಿಟ್ಟು ಸೊರಗೋ ಹುಡುಗಿಯ ಒಳದನಿ, ಎಡ ಬಲ ಎರಡೂ ಕಡೆಯ ಸರ್ವಾಧಿಕಾರಿಗಳು, ಯಾರನ್ನೂ ಬಿಟ್ಟಿಲ್ಲ. ಆ ವರ್ಷ ಜೂನ್‌ನಲ್ಲಿ ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಪ್ರೋಗ್ರಾಂನಲ್ಲಿ ಮಿಲಿಟರಿ ಡ್ರೆಸ್ ಹಾಕ್ಕೊಂಡು ಹಾಡಿದ್ರು, ಜೇಮ್ಸ್ ಮುಖಕ್ಕೆ ಕಪ್ಪು ಮುಸುಕು. ಉತ್ತರ ಐರ್ಲೆಂಡ್‌ನಲ್ಲಿ ಇನ್ನೂ ಕದನವಿರಾಮ ಆಗದ ಕಾಲ ಅದು, ಮುಸುಕು ನೋಡಿದ್ರೆ ಜನಕ್ಕೆ ಅಲ್ಲಿನ ಬಂದೂಕುಧಾರಿಗಳೇ ನೆನಪಾಗ್ತಿದ್ರು, ಬಿಬಿಸಿಗೆ ಸಾವಿರಾರು ದೂರು ಬಂದ್ವು. ಆಲ್ಬಂ ಆಗಸ್ಟ್ ಕೊನೆಗೆ ಬಂತು, ಒಯಾಸಿಸ್ ಅನ್ನೋ ಇಂಗ್ಲಿಷ್ ಬ್ಯಾಂಡ್‌ನ ಮೊದಲ ಆಲ್ಬಂ ಬಂದ ಅದೇ ವಾರ. ದೇಶ ಪೂರ್ತಿ ಬ್ರಿಟ್‌ಪಾಪ್ ಅನ್ನೋ ಹೊಸ ಗಿಟಾರ್ ಪಾಪ್ ಅಲೆಯ ಖುಷಿಗೆ ತಯಾರಾಗ್ತಿತ್ತು, ಇವರು ಕತ್ತಲು ಹಿಡ್ಕೊಂಡು ಬಂದಿದ್ರು. ಬ್ರಿಟನ್ನಿನ ಮಾರಾಟದ ಚಾರ್ಟಲ್ಲಿ ಆರನೇ ಸ್ಥಾನ. ಸುಲಭವಾಗಿ ಕೇಳೋ ಆಲ್ಬಂ ಅಲ್ಲ, ಮನಸ್ಸು ಸರಿ ಇಲ್ಲದ ದಿನ ಕೇಳಲೇಬೇಡಿ.

1995ರ ಫೆಬ್ರವರಿ 1. ಅಮೆರಿಕದಲ್ಲಿ ಪ್ರಚಾರಕ್ಕೆ ಅಂತ ಜೇಮ್ಸ್ ಮತ್ತೆ ರಿಚಿ ಹೊರಡಬೇಕಿತ್ತು. ಬೆಳಿಗ್ಗೆ ರಿಚಿ ಲಂಡನ್‌ನ ಹೋಟೆಲ್ ಬಿಟ್ಟು ಹೊರಗೆ ಹೋದ, ವಾಪಸ್ ಬರಲಿಲ್ಲ. ಎರಡು ವಾರ ಆದ ಮೇಲೆ ಅವನ ಕಾರು ಸೆವರ್ನ್ ಸೇತುವೆ ಹತ್ರ ಸಿಕ್ತು, ಇಂಗ್ಲೆಂಡ್‌ನಿಂದ ವೇಲ್ಸ್‌ಗೆ ದಾಟೋ ಸೇತುವೆ ಅದು. ಅವನಿಗೆ ಇಪ್ಪತ್ತೇಳು. 2008ರ ನವೆಂಬರ್‌ನಲ್ಲಿ ಕಾನೂನು ಪ್ರಕಾರ ತೀರಿಕೊಂಡಿದಾನೆ ಅಂತ ಪರಿಗಣಿಸಿದ್ರು. ಇದರ ಬಗ್ಗೆ ಊಹೆಗಳು ಲೆಕ್ಕ ಇಲ್ಲದಷ್ಟಿವೆ, ಅವನ್ಯಾವುದೂ ನಾನು ಇಲ್ಲಿ ತರಲ್ಲ, ಅವನಿಗೆ ಅಪ್ಪ ಅಮ್ಮ ತಂಗಿ ಇದ್ರು. ಉಳಿದ ಮೂವರು ಅವನ ಜಾಗಕ್ಕೆ ಯಾರನ್ನೂ ಸೇರಿಸ್ಕೊಳ್ಳಲಿಲ್ಲ, ಬಂದ ದುಡ್ಡಲ್ಲಿ ಅವನ ಪಾಲು ತೆಗೆದಿಡ್ತಾ ಬಂದ್ರು.

ಬ್ಯಾಂಡ್ ಮುಗೀತು ಅಂತಾನೇ ಎಲ್ಲರೂ ಅಂದ್ಕೊಂಡಿದ್ದಾಗ 1996ರ ಏಪ್ರಿಲ್‌ನಲ್ಲಿ ಅ ಡಿಸೈನ್ ಫಾರ್ ಲೈಫ್ ಬಂತು. ಅವರ ಒಂದೇ ಹಾಡು ಕೇಳ್ತೀನಿ ಅಂದ್ರೆ ಇದನ್ನ ಕೇಳಿ. ಸಂದರ್ಭ ಹೇಳ್ಬೇಕು. ಆಗ ಬ್ರಿಟ್‌ಪಾಪ್ ಜೋರು. ಕೆಲಸಗಾರರ ಬದುಕು ಅಂದ್ರೆ ನಾಯಿ ರೇಸು, ಪಬ್ಬು, ಫುಟ್‌ಬಾಲು ಅಂತ ಒಂದು ವೇಷ ಕಟ್ಟಿ ಮಧ್ಯಮ ವರ್ಗದ ಹುಡುಗರು ಕುಣೀತಿದ್ರು. ನಿಕಿಗೆ ಅದು ಉರಿ ಹತ್ತಿಸ್ತು, ನಮ್ಮ ಅಪ್ಪಂದಿರು ತಾತಂದಿರು ಇಷ್ಟೇನಾ ಅಂತ. ಎರಡು ಬೇರೆ ಬೇರೆ ಪದ್ಯ ಬರೆದು ಜೇಮ್ಸ್‌ಗೆ ಕಳಿಸಿದ, ಜೇಮ್ಸ್ ಎರಡನ್ನೂ ಸೇರಿಸಿ ಒಂದು ಹಾಡು ಮಾಡಿದ. ಮೊದಲ ಸಾಲು ಲೈಬ್ರರಿಗಳು ನಮಗೆ ಶಕ್ತಿ ಕೊಟ್ಟವು ಅಂತ ಶುರುವಾಗುತ್ತೆ. ನ್ಯೂಪೋರ್ಟ್‌ನ ಪಿಲ್‌ಗ್ವೆನ್ಲಿ ಅನ್ನೋ ಕಡೆ ಹಳೇ ಲೈಬ್ರರಿ ಕಟ್ಟಡದ ಮೇಲೆ ಜ್ಞಾನವೇ ಶಕ್ತಿ ಅಂತ ಕೆತ್ತಿದ್ರು, ಅಲ್ಲಿಂದ ಬಂದ ಸಾಲು. ಎರಡನೇ ಸಾಲು ಕೆಲಸ ಬಂದು ನಮ್ಮನ್ನ ಬಿಡುಗಡೆ ಮಾಡ್ತು ಅನ್ನುತ್ತೆ, ನಾಜಿಗಳ ಆಶ್‌ವಿಟ್ಜ್ ಕ್ಯಾಂಪ್‌ನ ಗೇಟ್ ಮೇಲೆ ಬರೆದಿದ್ದ ಮಾತಿನ ನೆರಳು ಅದು. ಎರಡೇ ಸಾಲಲ್ಲಿ ಎತ್ತರಾನೂ ಪ್ರಪಾತಾನೂ ತೋರಿಸಿಬಿಡ್ತಾನೆ. ಸಂಗೀತ ವಾಲ್ಟ್ಜ್ ಅನ್ನೋ ಯುರೋಪಿನ ಕುಣಿತದ ಥರ ತೂಗೋ ನಡೆ, ಹಿಂದೆ ಪಿಟೀಲುಗಳ ಅಲೆ, ರಾಕ್ ಹಾಡಿಗೆ ಇಷ್ಟೊಂದು ಗಾಂಭೀರ್ಯ ಬರಬಹುದು ಅಂತ ಅಲ್ಲೇ ಗೊತ್ತಾಗೋದು. ಪಲ್ಲವಿಯಲ್ಲಿ ನಾವು ಪ್ರೀತಿ ಬಗ್ಗೆ ಮಾತಾಡಲ್ಲ, ನಮಗೆ ಕುಡಿಯೋದಷ್ಟೇ ಬೇಕು ಅಂತ ಬರುತ್ತೆ. ಮೇಲಿನವರು ಕೆಲಸಗಾರರ ಬಗ್ಗೆ ಏನು ಅಂದ್ಕೊಂಡಿದಾರೋ ಅದನ್ನೇ ಅವರ ಮುಖಕ್ಕೆ ತಿರುಗಿಸಿ ಹೇಳಿದ್ದು ಅದು. ಕೆಲವ್ರು ಅದನ್ನ ಕುಡುಕರ ಹಾಡು ಅಂತಾನೇ ತಿಳ್ಕೊಂಡು ಗ್ಲಾಸ್ ಎತ್ತಿ ಹಾಡಿದ್ರು, ಈಗ್ಲೂ ಹಾಡ್ತಾರೆ. ಚಾರ್ಟಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು, ಎವ್ರಿಥಿಂಗ್ ಮಸ್ಟ್ ಗೋ ಆಲ್ಬಂಗೆ ಮುಂದಿನ ವರ್ಷ ಬ್ರಿಟ್ ಅವಾರ್ಡ್ಸ್‌ನಲ್ಲಿ ಒಳ್ಳೇ ಬ್ಯಾಂಡ್ ಒಳ್ಳೇ ಆಲ್ಬಂ ಎರಡೂ ಪ್ರಶಸ್ತಿ ಸಿಕ್ತು.

1998ರ ಆಲ್ಬಂ ಹೆಸರು ಇದು ನನ್ನ ಸತ್ಯ, ನಿಮ್ಮದು ಹೇಳಿ ಅನ್ನೋ ಅರ್ಥದ್ದು, ಆ ಮಾತು ನಾನು ಆಗ್ಲೇ ಹೇಳಿದ ಬೆವನ್‌ದು. ಅದರಲ್ಲಿ ಇಫ್ ಯೂ ಟಾಲರೇಟ್ ದಿಸ್ ಯುವರ್ ಚಿಲ್ಡ್ರನ್ ವಿಲ್ ಬಿ ನೆಕ್ಸ್ಟ್ ಅನ್ನೋ ಹಾಡಿದೆ, ಬ್ರಿಟನ್ ಚಾರ್ಟಲ್ಲಿ ನಂಬರ್ ಒನ್ ಆದ ಇವರ ಮೊದಲ ಹಾಡು. 1936ರಿಂದ 39ರ ಸ್ಪೇನ್ ಅಂತರ್ಯುದ್ಧದಲ್ಲಿ ಸೇನಾಧಿಕಾರಿ ಫ್ರಾಂಕೋ ವಿರುದ್ಧ ಹೋರಾಡೋಕೆ ವೇಲ್ಸ್‌ನಿಂದ ನೂರಕ್ಕೂ ಹೆಚ್ಚು ಜನ ಸ್ವಂತ ಇಷ್ಟದಿಂದ ಹೋಗಿದ್ರು, ಬಹಳಷ್ಟು ಜನ ಗಣಿ ಕೆಲಸದವರು. ಆ ಕಾಲದ ಒಂದು ಪೋಸ್ಟರ್‌ನಲ್ಲಿ ಬಾಂಬಿಗೆ ಸತ್ತ ಮಗುವಿನ ಫೋಟೋ, ಮೇಲೆ ವಿಮಾನಗಳು, ಕೆಳಗೆ ಈ ಎಚ್ಚರಿಕೆ ಮಾತು. ಹಾಡಲ್ಲಿ ಒಂದು ಸಾಲು ಬರುತ್ತೆ, ಮೊಲಕ್ಕೆ ಗುಂಡು ಹೊಡೀಬಲ್ಲೆ ಅಂದ್ಮೇಲೆ ಫ್ಯಾಸಿಸ್ಟ್‌ಗೂ ಹೊಡೀಬಲ್ಲೆ ಅಂತ, ಅದು ಸ್ಪೇನ್‌ಗೆ ಹೋದ ಒಬ್ಬ ವೇಲ್ಸ್‌ನವನು ಹೇಳಿದ್ದು ಅಂತ ದಾಖಲಾಗಿರೋ ಮಾತು. ಆದ್ರೆ ಹಾಡು ಆ ಶೌರ್ಯದ ಮೇಲೆ ಕೂತು ಮೆರೆಯಲ್ಲ. ಅವರು ಹೋದ್ರು, ನಾನು ಹೋಗ್ತಿದ್ನಾ, ನನಗೆ ಆ ಧೈರ್ಯ ಇದೆಯಾ ಅಂತ ತನ್ನನ್ನೇ ಕೇಳ್ಕೊಳ್ಳುತ್ತೆ, ನಿಧಾನ, ಮೆತ್ತಗೆ. 2009ರಲ್ಲಿ ಬ್ರಿಟನ್ನಿನ ತೀವ್ರ ಬಲಪಂಥದ ಪಾರ್ಟಿ ಬಿಎನ್‌ಪಿ ತಲೆಬರಹ ಮಾತ್ರ ನೋಡಿ ಇದನ್ನ ತನ್ನ ಪ್ರಚಾರಕ್ಕೆ ಬಳಸ್ತು, ಆಮೇಲೆ ತೆಗೆಸಬೇಕಾಯ್ತು.

ಅದೇ ಆಲ್ಬಂನಲ್ಲಿ ರೆಡಿ ಫಾರ್ ಡ್ರೌನಿಂಗ್ ಅಂತ ಇನ್ನೊಂದಿದೆ, ಅಷ್ಟು ಫೇಮಸ್ ಅಲ್ಲ, ನನಗೆ ಬಹಳ ಇಷ್ಟ. ನಾರ್ತ್ ವೇಲ್ಸ್‌ನಲ್ಲಿ ಕಾಪೆಲ್ ಕೆಲಿನ್ ಅನ್ನೋ ಹಳ್ಳಿ ಇತ್ತು, ಮನೆ ಮನೆಯಲ್ಲೂ ವೆಲ್ಶ್ ಮಾತಾಡ್ತಿದ್ದ ಹಳ್ಳಿ. ಇಂಗ್ಲೆಂಡ್‌ನ ಲಿವರ್‌ಪೂಲ್ ಸಿಟಿಗೆ ನೀರು ಬೇಕು ಅಂತ ಅಲ್ಲಿ ಡ್ಯಾಮ್ ಕಟ್ಟಿ 1965ರಲ್ಲಿ ಸ್ಕೂಲು, ಚಾಪೆಲ್ಲು, ಸ್ಮಶಾನ ಸಮೇತ ಹಳ್ಳೀನೇ ಮುಳುಗಿಸಿದ್ರು. ವೇಲ್ಸ್‌ನ ಎಂಪಿಗಳ ಬೆಂಬಲ ಇಲ್ಲದೇನೇ ಪಾರ್ಲಿಮೆಂಟ್ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಈ ಹಾಡಿನ ಹಿಂದೆ ಆ ನೀರಿದೆ. ಇವರು ಇಂಗ್ಲಿಷಲ್ಲೇ ಹಾಡೋ, ವೆಲ್ಶ್ ಮನೆಮಾತಲ್ಲದ ದಕ್ಷಿಣದ ಹುಡುಗರು, ಆದ್ರೂ ಆ ಕಳೆದುಕೊಂಡಿದ್ದು ತಮ್ಮದೂ ಅಂತ ಅನ್ಕೊಂಡು ಬರೆದಿದಾರೆ.

1999ರ ಡಿಸೆಂಬರ್ 31ರ ರಾತ್ರಿ ಕಾರ್ಡಿಫ್‌ನ ಮಿಲೆನಿಯಂ ಸ್ಟೇಡಿಯಂನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿದ್ರು. 2000ದ ಜನವರಿಯಲ್ಲಿ ದಿ ಮಾಸಸ್ ಅಗೇನ್ಸ್ಟ್ ದಿ ಕ್ಲಾಸಸ್ ನಂಬರ್ ಒನ್, ಶುರುವಿಗೆ ಅಮೆರಿಕದ ಚಿಂತಕ ನೋಮ್ ಚಾಮ್‌ಸ್ಕಿ ದನಿ, ಕೊನೆಗೆ ಫ್ರೆಂಚ್ ಲೇಖಕ ಕಾಮೂ ಮಾತು.

ಆಮೇಲೆ ಕ್ಯೂಬಾ. 2001ರ ಫೆಬ್ರವರಿ 17ಕ್ಕೆ ಹವಾನಾದ ಕಾರ್ಲ್ ಮಾರ್ಕ್ಸ್ ಥಿಯೇಟರ್‌ನಲ್ಲಿ ಶೋ ಮಾಡಿದ್ರು, ಆ ದೇಶದ ನಾಯಕ ಫಿಡೆಲ್ ಕ್ಯಾಸ್ಟ್ರೋ ಬಂದು ಕೂತಿದ್ದ. ಶೋಗೆ ಮುಂಚೆ ಭೇಟಿ ಆದಾಗ ಸದ್ದು ಜಾಸ್ತಿ ಇರುತ್ತೆ ಅಂತ ಹೇಳಿದ್ದಕ್ಕೆ ಯುದ್ಧಕ್ಕಿಂತ ಜೋರಾಗಿರಲ್ವಲ್ಲ ಅಂದನಂತೆ. ಅಮೆರಿಕದ ದಿಗ್ಬಂಧನ ಅನ್ಯಾಯ ಅನ್ನೋದು ಇವರ ವಾದ, ಅದನ್ನ ನಾನು ಒಪ್ತೀನಿ. ಆದ್ರೆ ಹೋಲಿ ಬೈಬಲ್‌ನಲ್ಲಿ ಎಡ ಬಲ ನೋಡದೆ ಎಲ್ಲಾ ಸರ್ವಾಧಿಕಾರಿಗಳನ್ನೂ ಪ್ರಶ್ನೆ ಮಾಡಿದ್ದ ಬ್ಯಾಂಡ್, ವಿರೋಧಿಗಳನ್ನ ಜೈಲಿಗೆ ಹಾಕ್ತಿದ್ದ ಒಬ್ಬ ನಾಯಕನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಾಗ ಒಂದೂ ಪ್ರಶ್ನೆ ಕೇಳದೆ ಬಂತು. ನನಗೆ ಇವರ ಬದುಕಿನ ದುರ್ಬಲ ಘಟ್ಟ ಇದೇ. ಆ ಹೊತ್ತಿನ ಆಲ್ಬಂ ನೋ ಯುವರ್ ಎನಿಮಿ ಕೂಡ ಉದ್ದ ಜಾಸ್ತಿ, ಹಿಡಿತ ಕಮ್ಮಿ.

ಆದ್ರೂ ಅದರೊಳಗೆ ಒಂದು ಹಾಡಿಗಾಗಿ ನಾನು ಆ ಆಲ್ಬಂನ ಕ್ಷಮಿಸ್ತೀನಿ, ಲೆಟ್ ರೋಬ್ಸನ್ ಸಿಂಗ್. ಪಾಲ್ ರೋಬ್ಸನ್ ಅಮೆರಿಕದ ಕಪ್ಪು ಗಾಯಕ, ನಟ. ವೇಲ್ಸ್‌ನ ಗಣಿ ಕಾರ್ಮಿಕರ ಜೊತೆ ಅವನದು ಹಳೇ ನಂಟು, ಅಲ್ಲಿನ ಗಣಿ ಕತೆಯ ಸಿನಿಮಾದಲ್ಲೂ ಪಾರ್ಟ್ ಮಾಡಿದ್ದ. ಕಮ್ಯುನಿಸ್ಟರ ಪರ ಅಂತ ಅಮೆರಿಕ ಸರ್ಕಾರ 1950ರಲ್ಲಿ ಅವನ ಪಾಸ್‌ಪೋರ್ಟ್ ಕಿತ್ಕೊಂಡಿತು. 1957ರಲ್ಲಿ ವೇಲ್ಸ್‌ನ ಪೋರ್ತ್‌ಕಾಲ್ ಊರಲ್ಲಿ ಗಣಿ ಕಾರ್ಮಿಕರ ಹಬ್ಬ, ಅವನನ್ನ ಕರೆದಿದ್ರು, ಅವನು ಬರೋ ಹಾಗಿಲ್ಲ. ಏನ್ ಮಾಡಿದ್ರು ಗೊತ್ತಾ, ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಕಿದ್ದ ಟೆಲಿಫೋನ್ ಕೇಬಲ್ ಮೂಲಕ ಅವನು ನ್ಯೂಯಾರ್ಕ್‌ನಲ್ಲಿ ಕೂತು ಹಾಡಿದ, ಇಲ್ಲಿ ತುಂಬಿದ ಸಭೆ ಸ್ಪೀಕರಲ್ಲಿ ಕೇಳಿಸ್ಕೊಳ್ತು, ಆಮೇಲೆ ಸಭೆಯೇ ಅವನಿಗೆ ಫೋನಲ್ಲಿ ವಾಪಸ್ ಹಾಡ್ತು. ಇಂಥ ಕತೆ ತಮ್ಮ ಪಕ್ಕದಲ್ಲೇ ಇರೋವಾಗ ಇವರಿಗೆ ಹವಾನಾವರೆಗೂ ಹೋಗೋ ಅಗತ್ಯಾನೇ ಇರ್ಲಿಲ್ಲ ಅಂತ ಅನ್ಸುತ್ತೆ ನನಗೆ.

ಮುಂದಿನದ್ದು ಬೇಗ ಹೇಳ್ತೀನಿ. 2004ರ ಆಲ್ಬಂ ಯಾರೂ ಅಷ್ಟು ಕೇಳಲಿಲ್ಲ, 2007ರಲ್ಲಿ ಮತ್ತೆ ಹಿಟ್ ಆದ್ರು. 2009ರಲ್ಲಿ ರಿಚಿ ಬಿಟ್ಟು ಹೋಗಿದ್ದ ಬರಹಗಳನ್ನೇ ಇಟ್ಕೊಂಡು ಜರ್ನಲ್ ಫಾರ್ ಪ್ಲೇಗ್ ಲವರ್ಸ್ ಮಾಡಿದ್ರು, ಹದಿನಾಲ್ಕು ವರ್ಷ ಹತ್ರ ಇಟ್ಕೊಂಡಿದ್ದ ಹಾಳೆಗಳು. ಅದೇ ವರ್ಷ ಕಾರ್ಡಿಫ್‌ನ ಹೊಸ ಸೆಂಟ್ರಲ್ ಲೈಬ್ರರಿ ಉದ್ಘಾಟನೆಗೆ ಇವರನ್ನೇ ಕರೆದ್ರು, ಫಲಕದ ಮೇಲೆ ಲೈಬ್ರರಿಗಳು ನಮಗೆ ಶಕ್ತಿ ಕೊಟ್ಟವು ಅನ್ನೋ ಅದೇ ಸಾಲು. ಆಮೇಲೆ ಬ್ರಿಟನ್ ತುಂಬಾ ಖರ್ಚು ಕಡಿತ ಅಂತ ಲೈಬ್ರರಿ ಮುಚ್ಚೋ ಮಾತು ಬಂದಾಗ ನಿಕಿ ಪೇಪರಲ್ಲಿ ಅದರ ವಿರುದ್ಧ ಬರೆದ. ಥ್ಯಾಚರ್ ತೀರಿಕೊಂಡ 2013ರಲ್ಲೇ ಬಂದ ರಿವೈಂಡ್ ದಿ ಫಿಲ್ಮ್ ಆಲ್ಬಂನ ಕೊನೇ ಹಾಡು ಗಣಿ ಮುಷ್ಕರದಿಂದ ಶುರುವಾದ ಮೂವತ್ತು ವರ್ಷದ ಲೆಕ್ಕ ಕೇಳುತ್ತೆ. 2021ರಲ್ಲಿ ಕೋವಿಡ್‌ನಲ್ಲಿ ದುಡಿದ ಎನ್‌ಎಚ್‌ಎಸ್ ಸಿಬ್ಬಂದಿಗೆ ಕಾರ್ಡಿಫ್‌ನಲ್ಲಿ ಫ್ರೀ ಶೋ ಮಾಡಿದ್ರು. ಆ ವರ್ಷ ಸೆಪ್ಟೆಂಬರ್‌ನ ಆಲ್ಬಂ ನಂಬರ್ ಒನ್, 1998ರ ಮೇಲೆ ಅದೇ ಮೊದಲು. 2025ರ ಫೆಬ್ರವರಿಯಲ್ಲಿ ಕ್ರಿಟಿಕಲ್ ಥಿಂಕಿಂಗ್ ಬಂತು, ಅದರಲ್ಲಿ ಸಿಟ್ಟಿಗಿಂತ ಅನುಮಾನ ಜಾಸ್ತಿ, ತಮ್ಮ ಮೇಲೇನೇ ಅನುಮಾನ. ಐವತ್ತಾರರ ಆಸುಪಾಸಿನ ವಯಸ್ಸಲ್ಲಿ ಇಪ್ಪತ್ತರ ಸಿಟ್ಟನ್ನ ನಟಿಸದೆ ಇರೋದು ನನಗೆ ಹಿಡಿಸ್ತು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದ್ರು, ಯಾವುದರಿಂದ ಶುರು ಮಾಡೋದು ಅಂತ. ನಾನು ಹೇಳಿದ್ದು ಇಷ್ಟು: ಎವ್ರಿಥಿಂಗ್ ಮಸ್ಟ್ ಗೋ ಆಲ್ಬಂನ ಪೂರ್ತಿ ಒಂದು ಸಲ ಕೇಳಿ, ಸಾಹಿತ್ಯ ಎದುರಿಗೆ ಇಟ್ಕೊಂಡು. ಅದರಲ್ಲಿ ಕೆವಿನ್ ಕಾರ್ಟರ್ ಅನ್ನೋ ಹಾಡಿದೆ, ಸುಡಾನ್‌ನಲ್ಲಿ ಹಸಿದ ಮಗು ಮತ್ತೆ ಹದ್ದಿನ ಫೋಟೋ ತೆಗೆದು 1994ರಲ್ಲಿ ಪುಲಿಟ್ಜರ್ ಪಡೆದು ಅದೇ ವರ್ಷ ಪ್ರಾಣ ಕಳ್ಕೊಂಡ ಸೌತ್ ಆಫ್ರಿಕಾದ ಫೋಟೋಗ್ರಾಫರ್ ಬಗ್ಗೆ, ಸಾಹಿತ್ಯ ರಿಚಿಯದ್ದು, ಮಧ್ಯೆ ಬರೋ ಟ್ರಂಪೆಟ್ ಶಾನ್ ನುಡಿಸಿದ್ದು. ಅದು ಹಿಡಿಸಿದ್ರೆ ಅಲ್ಲಿಂದ ಹೋಲಿ ಬೈಬಲ್‌ಗೆ ಹೋಗಿ. ಹಿಡಿಸದಿದ್ರೆ 1998ರ ಆಲ್ಬಂಗೆ ಹೋಗಿ, ಅದು ಸ್ವಲ್ಪ ಮೃದು.